ನಾಯಿ ಕಚ್ಚಿದ ಮೇಲೆ ನನ್ನ ಮೈ ಕಲಿತದ್ದು

ನಾಯಿ ಕಚ್ಚಿದ್ದು ಎಡಗಾಲಿನ ಮೀನಖಂಡಕ್ಕೆ. ಬೀದಿನಾಯಿ. ಬೊಗಳಲಿಲ್ಲ, ಗುರುಗುಟ್ಟಲಿಲ್ಲ. ಹಿಂದಿನಿಂದ ಬಂದು ಬಾಯಿ ಹಾಕಿ ಓಡಿಹೋಯಿತು. ಪ್ಯಾಂಟು ಹರಿದಿತ್ತು, ಹಲ್ಲು ಇಳಿದ ಎರಡು ಕಡೆ ರಕ್ತ ಜಿನುಗುತ್ತಿತ್ತು. ನನ್ನದು ಮನೆಮನೆ ತಿರುಗುವ ಕೆಲಸ. ನಾಯಿಗಳ ಕಾಟ ಹೊಸದೇನಲ್ಲ, ಆದರೆ ಹಲ್ಲು ಇಳಿದದ್ದು ಅದೇ ಮೊದಲು.

ಕೆಲಸಕ್ಕೆ ಸೇರಿದಾಗಲೇ ನಮಗೆ ಹೇಳಿಕೊಟ್ಟಿದ್ದರು: ಕಚ್ಚಿದರೆ ಮೊದಲು ಓಡಬೇಕಾದ್ದು ಡಾಕ್ಟರ ಹತ್ತಿರ ಅಲ್ಲ, ನಲ್ಲಿಯ ಹತ್ತಿರ. ಹರಿಯುವ ನೀರು, ಸೋಪು, 15 ನಿಮಿಷ. ಆಗ ಕೇಳಿಸಿಕೊಂಡು ಸುಮ್ಮನಿದ್ದೆ. ನಿಜವಾಗಿ ನಲ್ಲಿಯ ಕೆಳಗೆ ಕಾಲು ಹಿಡಿದಾಗ 15 ನಿಮಿಷ ಎಷ್ಟು ಉದ್ದ ಅಂತ ಗೊತ್ತಾಯಿತು. ಐದು ನಿಮಿಷಕ್ಕೇ ಸಾಕೆನಿಸುತ್ತದೆ, ಸೋಪು ಗಾಯಕ್ಕೆ ಉರಿಯುತ್ತದೆ. ಆದರೆ ಈ ಸೋಪಿಗೆ ಕಾರಣ ಇದೆ. ರೇಬೀಸ್ ವೈರಸ್ಸಿನ ಮೈಮೇಲೆ ಕೊಬ್ಬಿನ ತೆಳು ಹೊದಿಕೆ ಇರುತ್ತದೆ. ಸೋಪು ಜಿಡ್ಡನ್ನು ಬಿಡಿಸುವ ಹಾಗೇ ಆ ಹೊದಿಕೆಯನ್ನೂ ಒಡೆಯುತ್ತದೆ. ಹೊದಿಕೆ ಹೋದ ವೈರಸ್ ಕೆಲಸಕ್ಕೆ ಬಾರದು. ಗಾಯದಲ್ಲಿ ಹತ್ತು ಸಾವಿರ ಇದ್ದದ್ದು ನೂರಾದರೆ, ಆಮೇಲೆ ಮೈ ಎದುರಿಸಬೇಕಾದ್ದೂ ಅಷ್ಟೇ ಕಡಿಮೆ.

ಆಸ್ಪತ್ರೆಯಲ್ಲಿ ಡಾಕ್ಟರು ಗಾಯವನ್ನು ಟಾರ್ಚು ಹಿಡಿದು ನೋಡಿದರು. ವಯಸ್ಸಾದ ಹೆಂಗಸು, ಮಾತು ಜಾಸ್ತಿ ಇಲ್ಲ. ನಾಯಿ ಕಡಿತದಲ್ಲಿ ಮೂರು ದರ್ಜೆ ಇದೆಯಂತೆ. ಗಾಯ ಇಲ್ಲದ ಚರ್ಮವನ್ನು ನೆಕ್ಕಿದರೆ ಮೊದಲನೆಯದು, ಅದಕ್ಕೆ ತೊಳೆದುಕೊಂಡರೆ ಸಾಕು. ರಕ್ತ ಬಾರದ ಹಾಗೆ ಪರಚಿದರೆ ಎರಡನೆಯದು, ಅದಕ್ಕೆ ಲಸಿಕೆ. ಚರ್ಮ ಹರಿದು ರಕ್ತ ಬಂದರೆ ಮೂರನೆಯದು. ನನ್ನದು ಮೂರನೆಯದು.

"ಮಾತ್ರೆ ಏನಾದ್ರೂ ಕೊಡ್ತೀರಾ ಡಾಕ್ಟ್ರೇ?" ಅಂತ ಕೇಳಿದೆ.

"ಈ ವೈರಸ್ ಕೊಲ್ಲೋ ಮಾತ್ರೆ ಎಲ್ಲೂ ಇಲ್ಲ. ನಿಮ್ಮ ಮೈಯೇ ಅದನ್ನ ಎದುರಿಸಬೇಕು. ಅದಕ್ಕೆ ಕಲಿಯೋಕೆ ಟೈಮ್ ಬೇಕು. ನಾವು ಮಾಡೋದೆಲ್ಲ ಆ ಟೈಮ್ ಹೊಂದಿಸಿಕೊಡೋದು" ಅಂದರು.

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಮುಂದೆ ಒಂದು ತಿಂಗಳು ನಡೆದದ್ದೆಲ್ಲ ಅರ್ಥವಾಗುತ್ತಾ ಹೋದದ್ದು ಅದೇ ಮಾತಿನಿಂದ. ಪ್ರತಿ ಸಲ ಹೋದಾಗಲೂ ಡಾಕ್ಟರನ್ನೋ ಸಿಸ್ಟರನ್ನೋ ಏನಾದರೂ ಕೇಳುತ್ತಿದ್ದೆ, ಮನೆಗೆ ಬಂದು ಓದುತ್ತಿದ್ದೆ.

ಮೊದಲು ಬಂದ ಸಂಶಯ ಇದು. ನೆಗಡಿ, ಸಿಡುಬು, ದಡಾರ ಯಾವುದೇ ಬಂದರೂ ಮೈ ತಾನಾಗಿಯೇ ಕಲಿಯುತ್ತದೆ. ರೇಬೀಸನ್ನು ಮಾತ್ರ ಯಾಕೆ ಕಲಿಯುವುದಿಲ್ಲ? ಕಾರಣ ವೈರಸ್ ಹಿಡಿಯುವ ದಾರಿಯಲ್ಲಿದೆ. ಮೈಯ ಕಾವಲು ಹೆಚ್ಚಾಗಿ ಇರುವುದು ರಕ್ತದಲ್ಲಿ, ಮತ್ತೆ ದುಗ್ಧರಸದಲ್ಲಿ, ಅಂದರೆ ಲಿಂಫ್ ಅನ್ನುವ ತಿಳಿದ್ರವದಲ್ಲಿ. ಅಲ್ಲಿ ಹರಿದಾಡುವುದೆಲ್ಲ ಬಿಳಿ ರಕ್ತಕಣಗಳ ಕಣ್ಣಿಗೆ ಬೀಳುತ್ತದೆ. ರೇಬೀಸ್ ವೈರಸ್ ಆ ಕಡೆ ಹೋಗುವುದೇ ಕಡಿಮೆ. ಕಚ್ಚಿದ ಜಾಗದ ಸ್ನಾಯುವಿನಲ್ಲಿ ಸ್ವಲ್ಪ ಕಾಲ ಇರುತ್ತದೆ, ಆಮೇಲೆ ನರದ ತುದಿ ಹಿಡಿದು ಒಳಗೆ ಸೇರುತ್ತದೆ, ನರದೊಳಗೇ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ. ಸಾಮಾನ್ಯವಾಗಿ ಇದಕ್ಕೆ ಒಂದರಿಂದ ಮೂರು ತಿಂಗಳು. ಆ ಪ್ರಯಾಣದ ಉದ್ದಕ್ಕೂ ಮೈಗೆ ಸುಳಿವು ಸಿಗುವುದು ತೀರಾ ಕಮ್ಮಿ. ವೈರಸ್ಸಿಗೆ ಅಂಟಿಕೊಂಡು ಅದನ್ನು ತಡೆಯಲು ಮೈ ತಯಾರಿಸುವ ಪ್ರೋಟೀನುಗಳು, ಅಂದರೆ ಪ್ರತಿಕಾಯಗಳು, ಏಳುವ ಹೊತ್ತಿಗೆ ರೋಗದ ಲಕ್ಷಣ ಶುರುವಾಗಿರುತ್ತದೆ. ಲಕ್ಷಣ ಶುರುವಾದವರು ಬದುಕಿದ್ದು ಅಪರೂಪದಲ್ಲಿ ಅಪರೂಪ.

ಅಂದರೆ ಮೈಗೆ ಕಲಿಯುವ ಶಕ್ತಿ ಇಲ್ಲ ಅಂತಲ್ಲ. ಯಾರೂ ತೋರಿಸಲಿಲ್ಲ, ಅಷ್ಟೇ. ವೈರಸ್ ನಿಧಾನಕ್ಕೆ ಹೋಗುವುದರಿಂದಲೇ ನಮಗೊಂದು ಅವಕಾಶ. ಕಚ್ಚಿದ ಮೇಲೂ ಲಸಿಕೆ ಹಾಕಿ ಉಳಿಸಿಕೊಳ್ಳಬಹುದಾದ ರೋಗಗಳು ಬೆರಳೆಣಿಕೆಯಷ್ಟು. ಅದರಲ್ಲಿ ಇದೊಂದು.

ಮೊದಲು ಟಿಟಿ ಹಾಕಿದರು. ಧನುರ್ವಾಯುವಿನ ಲಸಿಕೆ. ಬಾಲ್ಯದಿಂದ ಎಷ್ಟೋ ಸಲ ಹಾಕಿಸಿಕೊಂಡಿದ್ದೇನೆ, ಯಾವತ್ತೂ ಯೋಚಿಸಿರಲಿಲ್ಲ. ಆಮೇಲೆ ಓದಿದಾಗ ತಿಳಿದದ್ದು ವಿಚಿತ್ರವಾಗಿದೆ: ಧನುರ್ವಾಯು ಬಂದು ಬದುಕಿ ಉಳಿದವರಿಗೂ ಅದರ ವಿರುದ್ಧ ರಕ್ಷಣೆ ಬರುವುದಿಲ್ಲ. ಆ ಬ್ಯಾಕ್ಟೀರಿಯಾದ ವಿಷ ಎಷ್ಟು ಉಗ್ರ ಅಂದರೆ, ಮನುಷ್ಯನನ್ನು ಕೆಡವಲು ಸಾಕಾಗುವಷ್ಟು ವಿಷ ಮೈಗೆ ಪಾಠ ಕಲಿಸಲು ಸಾಲುವುದಿಲ್ಲ. ಹಾಗಾಗಿ ವಾಸಿಯಾದವರಿಗೂ ಲಸಿಕೆ ಹಾಕುತ್ತಾರೆ. "ರೋಗ ಬಂದು ಹೋದರೆ ಇಮ್ಯುನಿಟಿ ತಾನಾಗಿ ಬರುತ್ತೆ" ಅನ್ನುವವರಿಗೆ ಇದನ್ನು ಹೇಳಬೇಕು ಅನಿಸುತ್ತದೆ.

ಆಮೇಲೆ ನನ್ನ ತೂಕ ನೋಡಿದರು. ಇದು ಯಾಕೆ ಅಂತ ಗೊತ್ತಾಗಲಿಲ್ಲ. ಸಿಸ್ಟರ್ ಫ್ರಿಡ್ಜಿನಿಂದ ಒಂದು ಚಿಕ್ಕ ಬಾಟಲಿ ತೆಗೆದರು. ಒಳಗೆ ನೀರಿನಂಥ ದ್ರವ, ಸ್ವಲ್ಪ ಮಂದ. "ಇದು ಲಸಿಕೆ ಅಲ್ಲ. ಇಮ್ಯುನೋಗ್ಲೋಬ್ಯುಲಿನ್" ಅಂದರು. ಕೆಜಿಗೆ 20 ಯೂನಿಟ್ ಲೆಕ್ಕ, ಅದಕ್ಕೇ ತೂಕ.

ಇದನ್ನು ಗಾಯದೊಳಗೇ ಹಾಕುತ್ತಾರೆ. ಇಡೀ ಚಿಕಿತ್ಸೆಯಲ್ಲಿ ನಿಜವಾಗಿ ನೋಯುವುದು ಇದೊಂದೇ. ಸೂಜಿಯನ್ನು ಹಲ್ಲಿನ ಗುರುತಿನ ಅಂಚಿನಲ್ಲಿ ಇಳಿಸಿ ನಿಧಾನಕ್ಕೆ ಒತ್ತಿದರು. ಚರ್ಮ ಕಣ್ಣೆದುರೇ ಉಬ್ಬಿ ಬಿಳಿಚಿಕೊಂಡಿತು. ಸೂಜಿ ಹೊರಗೆ ಎಳೆದು ಪಕ್ಕದಲ್ಲಿ ಮತ್ತೆ ಚುಚ್ಚಿದರು. ಗಾಯದ ಸುತ್ತ ಒಂದು ಸುತ್ತು, ಮತ್ತೆ ಆಳಕ್ಕೆ. ಒಳಗೆ ಜಾಗ ಇಲ್ಲದ ಕಡೆ ತುರುಕಿದ ಹಾಗೆ ಬಿಗಿಯಾಗುತ್ತದೆ. ನಾನು ಮಂಚದ ಅಂಚು ಗಟ್ಟಿಯಾಗಿ ಹಿಡಿದಿದ್ದೆ. ಎರಡನೇ ಹಲ್ಲಿನ ಗುರುತಿಗೆ ಬರುವಾಗ "ಇನ್ನೂ ಇದೆಯಾ ಸಿಸ್ಟರ್?" ಅಂತ ಕೇಳಿದೆ. "ಗಾಯದ ಯಾವ ಮೂಲೆಯೂ ಬಿಡೋ ಹಾಗಿಲ್ಲ ಅಣ್ಣ, ಒಂದು ಮೂಲೆ ಬಿಟ್ರೆ ಅಲ್ಲೇ ಉಳ್ಕೊಳ್ಳುತ್ತೆ" ಅಂದರು. ಹೊಲಿಗೆ ಹಾಕಲಿಲ್ಲ. ಸೂಜಿ ದಾರ ಹಾಯಿಸಿದರೆ ವೈರಸ್ ಇನ್ನೂ ಆಳಕ್ಕೆ, ನರದ ತುದಿಗಳ ಹತ್ತಿರಕ್ಕೆ ಹೋಗಬಹುದು ಅಂತ ಗಾಯ ಬಿಟ್ಟೇ ಇಟ್ಟರು.

ಆ ಬಾಟಲಿಯಲ್ಲಿದ್ದದ್ದು ತಯಾರಾದ ಪ್ರತಿಕಾಯಗಳು. ನನ್ನವಲ್ಲ, ಬೇರೆಯವರವು. ಮೊದಲೇ ರೇಬೀಸ್ ಲಸಿಕೆ ಹಾಕಿಸಿಕೊಂಡ ದಾನಿಗಳ ರಕ್ತದಿಂದ ಪ್ಲಾಸ್ಮಾ ತೆಗೆದು, ಅದರಿಂದ ಬೇರ್ಪಡಿಸಿದ್ದು. ಕುದುರೆಗಳಿಂದ ತಯಾರಿಸಿದ್ದೂ ಇದೆ. ಅದಾದರೆ ಕೆಜಿಗೆ 40 ಯೂನಿಟ್. ಈಚೆಗೆ ಪ್ರಯೋಗಾಲಯದಲ್ಲೇ ಬೆಳೆಸಿದ ಮೋನೋಕ್ಲೋನಲ್ ಪ್ರತಿಕಾಯಗಳೂ ಬಂದಿವೆ. ಅವು ಮಾಡುವ ಕೆಲಸ ಮಾತ್ರ ಒಂದೇ. ವೈರಸ್ಸಿನ ಮೇಲ್ಮೈಯಲ್ಲಿ ಮುಳ್ಳಿನ ಹಾಗೆ ಎದ್ದಿರುವ ಒಂದು ಪ್ರೋಟೀನ್ ಇದೆ. ಅದನ್ನು ಬಳಸಿಯೇ ವೈರಸ್ ನರದ ಕೋಶಕ್ಕೆ ಅಂಟಿಕೊಳ್ಳುವುದು. ಪ್ರತಿಕಾಯ ಹೋಗಿ ಆ ಪ್ರೋಟೀನನ್ನು ಮುಚ್ಚಿಬಿಟ್ಟರೆ ವೈರಸ್ಸಿಗೆ ಒಳಗೆ ನುಗ್ಗಲು ದಾರಿ ಇಲ್ಲ.

ಇದನ್ನು ಕೈಸಾಲ ಅನ್ನಬಹುದು. ತಕ್ಷಣ ಕೈಗೆ ಸಿಗುತ್ತದೆ, ಆದರೆ ಉಳಿಯುವುದಿಲ್ಲ. ಮನುಷ್ಯನ ಪ್ರತಿಕಾಯ ಸುಮಾರು 3 ವಾರಕ್ಕೆ ಅರ್ಧ ಆಗುತ್ತದೆ, ಇನ್ನು 3 ವಾರಕ್ಕೆ ಅದರರ್ಧ. ಮೈ ಅದನ್ನು ತಾನು ತಯಾರಿಸಿದ್ದಲ್ಲವಾದ್ದರಿಂದ ಮತ್ತೆ ತಯಾರಿಸುವುದೂ ಗೊತ್ತಿಲ್ಲ. ಹುಟ್ಟಿದ ಮಗುವಿಗೆ ತಾಯಿಯಿಂದ ಬರುವುದೂ ಇಂಥದ್ದೇ. ಹೊಟ್ಟೆಯಲ್ಲಿರುವಾಗ ತಾಯಿಯ ಪ್ರತಿಕಾಯಗಳು ಮಗುವಿನ ರಕ್ತಕ್ಕೆ ದಾಟುತ್ತವೆ, ಕೆಲವು ತಿಂಗಳು ಕಾಯುತ್ತವೆ, ಆಮೇಲೆ ಕರಗಿಹೋಗುತ್ತವೆ.

ಒಬ್ಬರ ರಕ್ಷಣೆಯನ್ನು ಇನ್ನೊಬ್ಬರಿಗೆ ಹೀಗೆ ದಾಟಿಸಬಹುದು ಅಂತ 1890ರಲ್ಲಿ ತೋರಿಸಿದವರು ಎಮಿಲ್ ಫಾನ್ ಬೇರಿಂಗ್ ಮತ್ತು ಜಪಾನಿನ ಕಿಟಾಸಾಟೊ. ಧನುರ್ವಾಯು, ಗಂಟಲುಮಾರಿಗಳ ವಿಷವನ್ನು ತಾಳಿಕೊಂಡ ಪ್ರಾಣಿಯ ರಕ್ತದ ತಿಳಿ ಭಾಗ, ಅಂದರೆ ಸೀರಂ, ತೆಗೆದು ಬೇರೆ ಪ್ರಾಣಿಗೆ ಕೊಟ್ಟರೆ ಅದೂ ಉಳಿಯುತ್ತಿತ್ತು. 1901ರಲ್ಲಿ ವೈದ್ಯಕೀಯದ ಮೊಟ್ಟಮೊದಲ ನೊಬೆಲ್ ಸಿಕ್ಕಿದ್ದು ಬೇರಿಂಗ್‌ಗೆ, ಇದೇ ಕೆಲಸಕ್ಕೆ. ರೇಬೀಸ್‌ನಲ್ಲಿ ಇದು ಎಷ್ಟು ಮುಖ್ಯ ಅಂತ ಗೊತ್ತಾದದ್ದು 1954ರಲ್ಲಿ ಇರಾನಿನಲ್ಲಿ. ಹುಚ್ಚು ಹಿಡಿದ ಒಂದು ತೋಳ ಒಂದೇ ಹಳ್ಳಿಯ 29 ಜನರನ್ನು ಕಚ್ಚಿತು. ತಲೆಗೆ ಕಚ್ಚಿಸಿಕೊಂಡವರಲ್ಲಿ ಬರೀ ಲಸಿಕೆ ಸಿಕ್ಕ 5 ಮಂದಿಯಲ್ಲಿ 3 ಮಂದಿ ಸತ್ತರು. ಲಸಿಕೆಯ ಜೊತೆ ಸೀರಂ ಕೂಡ ಸಿಕ್ಕವರಲ್ಲಿ ಸತ್ತದ್ದು ಒಬ್ಬರು. ತಲೆಯಿಂದ ಮಿದುಳಿಗೆ ದೂರ ಕಮ್ಮಿ, ಲಸಿಕೆ ಕೆಲಸ ಶುರುಮಾಡುವವರೆಗೆ ಕಾಯುವಷ್ಟು ಪುರುಸೊತ್ತು ಇರಲಿಲ್ಲ.

ಗಾಯದ ಕೆಲಸ ಮುಗಿದ ಮೇಲೆ ಲಸಿಕೆ. ಇದಕ್ಕೆ ಬೇರೆ ಸಿರಿಂಜು, ಬೇರೆ ಜಾಗ. ಬಾಟಲಿಯ ತಳದಲ್ಲಿ ಬಿಳಿ ಪುಡಿ ಬಿಲ್ಲೆಯ ಹಾಗೆ ಅಂಟಿಕೊಂಡಿತ್ತು. ಸಿಸ್ಟರ್ ಅದಕ್ಕೆ ಜೊತೆಗೆ ಕೊಟ್ಟ ನೀರು ಹಾಕಿ, ಕುಲುಕದೆ, ಎರಡು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿದರು. ಪುಡಿ ಕರಗಿ ತಿಳಿಯಾಯಿತು. ಎಡಗೈ ರಟ್ಟೆಗೆ ಹಾಕಿದರು. ನೋವೇ ಇಲ್ಲ.

"ಕಾಲಿಗೆ ಕಚ್ಚಿದೆ, ಕೈಗೆ ಯಾಕೆ?" ಅಂದೆ. ಸಿಸ್ಟರ್ ನಕ್ಕರು. ಗಾಯದ ಹತ್ತಿರ ಹಾಕಿದರೆ ಅಲ್ಲಿ ತುಂಬಿರುವ ಸಾಲದ ಪ್ರತಿಕಾಯಗಳು ಲಸಿಕೆಯನ್ನೇ ಮುಚ್ಚಿಹಾಕುತ್ತವೆ. ಆಗ ನನ್ನ ಮೈಗೆ ನೋಡಲು ಏನೂ ಉಳಿಯುವುದಿಲ್ಲ. ಇಮ್ಯುನೋಗ್ಲೋಬ್ಯುಲಿನ್ ಲೆಕ್ಕಕ್ಕಿಂತ ಜಾಸ್ತಿ ಕೊಡಬಾರದು, ಮೊದಲ ಲಸಿಕೆ ಹಾಕಿ 7 ದಿನ ಕಳೆದ ಮೇಲೆ ಕೊಡಬಾರದು ಅನ್ನುವುದಕ್ಕೂ ಇದೇ ಕಾರಣ. ಅಷ್ಟು ಹೊತ್ತಿಗೆ ಸ್ವಂತದ್ದು ಏಳಲು ಶುರುವಾಗಿರುತ್ತದೆ, ಸಾಲ ಅಡ್ಡ ಬರುತ್ತದೆ. ಸೊಂಟಕ್ಕೂ ಹಾಕುವುದಿಲ್ಲ. ಅಲ್ಲಿ ಕೊಬ್ಬಿನ ಪದರ ದಪ್ಪ. ಲಸಿಕೆ ಕೊಬ್ಬಿನಲ್ಲಿ ಉಳಿದರೆ ಪ್ರತಿಕಾಯ ಸರಿಯಾಗಿ ಏಳುವುದಿಲ್ಲ. ಸಣ್ಣ ಮಕ್ಕಳಿಗಾದರೆ ತೊಡೆಯ ಹೊರಬದಿಗೆ. ಎಷ್ಟೋ ಕಡೆ ಸ್ನಾಯುವಿನ ಬದಲು ಚರ್ಮದೊಳಗೆ ಎರಡು ಕಡೆ 0.1 ಮಿ.ಲೀ. ಹಾಕುತ್ತಾರೆ. ಚರ್ಮದಲ್ಲಿ ಕಾವಲು ಕೋಶಗಳು ದಟ್ಟವಾಗಿ ಇರುವುದರಿಂದ ಅಷ್ಟು ಕಡಿಮೆಯೇ ಸಾಕಾಗುತ್ತದೆ, ಒಂದು ಬಾಟಲಿಯಲ್ಲಿ ಹಲವರಿಗೆ ಆಗುತ್ತದೆ.

ಕೈಗೆ ಒಂದು ಕಾರ್ಡು ಕೊಟ್ಟರು. 0, 3, 7, 14, 28. ಲಸಿಕೆ ಶುರುವಾದ ದಿನವೇ ಸೊನ್ನೆಯ ದಿನ. ಕಚ್ಚಿದ ದಿನದಿಂದ ಎಣಿಸುವುದಿಲ್ಲ.

ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ. ಅವಳು ಮೊದಲು ಕೇಳಿದ್ದು, "ಅಯ್ಯೋ, ಹೊಕ್ಕುಳ ಸುತ್ತ ಹದಿನಾಲ್ಕಾ?" ಅಂತ. ನಮ್ಮ ವಯಸ್ಸಿನವರ ತಲೆಯಿಂದ ಅದು ಇನ್ನೂ ಹೋಗಿಲ್ಲ ನೋಡಿ. ಆ ಹಳೆಯ ಲಸಿಕೆಯನ್ನು 1911ರಲ್ಲಿ ಕಸೌಲಿಯಲ್ಲಿ ತಯಾರಿಸಿದವರು ಡೇವಿಡ್ ಸೆಂಪಲ್. ಕುರಿಯ ಮಿದುಳಿನಲ್ಲಿ ವೈರಸ್ ಬೆಳೆಸಿ, ಕೊಂದು, ಆ ಮಿದುಳಿನ ಅಂಶವನ್ನೇ ಚುಚ್ಚುತ್ತಿದ್ದರು. ಅದರಲ್ಲಿ ವೈರಸ್ಸಿಗಿಂತ ನರದ ವಸ್ತುವೇ ಜಾಸ್ತಿ. ಹಾಗಾಗಿ ಒಮ್ಮೊಮ್ಮೆ ಮೈ ತಪ್ಪು ಪಾಠ ಕಲಿಯುತ್ತಿತ್ತು. ಕುರಿಯ ನರದ ವಿರುದ್ಧ ಎದ್ದ ಕೋಶಗಳು ರೋಗಿಯ ಸ್ವಂತ ನರದ ಮೇಲೇ ಬೀಳುತ್ತಿದ್ದವು, ಕೈಕಾಲು ಸ್ವಾಧೀನ ತಪ್ಪುತ್ತಿತ್ತು. ಈಗಿನ ಲಸಿಕೆಯ ವೈರಸ್ಸನ್ನು ಪ್ರಯೋಗಾಲಯದ ಕೋಶಗಳಲ್ಲಿ ಬೆಳೆಸಿ ಕೊಂದಿರುತ್ತಾರೆ, ಮಿದುಳಿನ ಅಂಶ ಇಲ್ಲ. ಏನನ್ನು ತೋರಿಸುತ್ತೇವೋ ಅದನ್ನೇ ಮೈ ಕಲಿಯುವುದು. ಅದಕ್ಕೆ ತೋರಿಸುವುದು ಶುದ್ಧವಾಗಿರಬೇಕು.

ಇನ್ನೂ ಹಿಂದೆ ಹೋದರೆ ಲೂಯಿ ಪಾಶ್ಚರ್. 1885ರ ಜುಲೈ 6ರಂದು 9 ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಮೊದಲ ಚುಚ್ಚುಮದ್ದು. ರೇಬೀಸ್ ಬಂದ ಮೊಲದ ಬೆನ್ನುಹುರಿಯನ್ನು ಒಣಗಿಸಿಟ್ಟು, ತುಂಬಾ ದಿನ ಒಣಗಿದ್ದನ್ನು ಮೊದಲು, ಹೊಸದನ್ನು ಕೊನೆಗೆ, ಹೀಗೆ ಒಟ್ಟು 13 ಸಲ. ಪಾಶ್ಚರ್ ವೈದ್ಯರಲ್ಲ, ಹಾಗಾಗಿ ಸೂಜಿ ಹಿಡಿದವರು ಬೇರೆಯವರು. ಹುಡುಗ ಉಳಿದ, ದೊಡ್ಡವನಾಗಿ ಪಾಶ್ಚರ್ ಸಂಸ್ಥೆಯಲ್ಲೇ ಕಾವಲುಗಾರನಾದ. ಆಗ ಪ್ರತಿಕಾಯ ಅನ್ನುವುದು ಒಂದಿದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ!

ಮಾರನೇ ದಿನ ರಟ್ಟೆ ನೋಯತೊಡಗಿತು. ಮುಟ್ಟಿದರೆ ಬಿಸಿ, ಸ್ವಲ್ಪ ಊತ. ಕಾಲಿನ ಗಾಯವೂ ಕೆಂಪಾಗಿತ್ತು. ಇದು ಮೈಯ ಮೊದಲ ಸಾಲಿನ ಕಾವಲು. 1882ರಲ್ಲಿ ಇಟಲಿಯ ಮೆಸಿನಾದಲ್ಲಿ ಮೆಕ್ನಿಕಾಫ್ ಎಂಬ ವಿಜ್ಞಾನಿ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಮುಳ್ಳಿನ ಸುತ್ತ ಕೋಶಗಳು ಬಂದು ಮುತ್ತಿಕೊಂಡಿದ್ದವು. ನಮ್ಮ ಮೈಯಲ್ಲೂ ಅದೇ. ಏನೇ ಹೊಕ್ಕರೂ ನುಂಗುವ ಕೋಶಗಳು ಬಂದು ಬೀಳುತ್ತವೆ. ಮುಳ್ಳೋ, ಮಣ್ಣೋ, ವೈರಸ್ಸೋ ಅಂತ ಹೆಸರಿಟ್ಟು ಗುರುತಿಸುವ ಗೋಜಿಗೆ ಹೋಗುವುದಿಲ್ಲ. ಬೇಗ ಬರುತ್ತವೆ, ಆದರೆ ಒಂದೊಂದು ರೋಗದ್ದೂ ಗುರುತು ಹಿಡಿದು ನೆನಪಿಡುವುದು ಅವುಗಳ ಕೈಲಾಗುವ ಕೆಲಸವಲ್ಲ.

ಕಲಿಯುವ ಕೆಲಸ ನಡೆಯುವುದು ಬೇರೆ ಕಡೆ. ರಟ್ಟೆಯಲ್ಲಿ ಲಸಿಕೆಯ ತುಣುಕುಗಳನ್ನು ನುಂಗಿದ ಕೆಲವು ಕೋಶಗಳು, ಡೆಂಡ್ರೈಟಿಕ್ ಕೋಶಗಳು ಅಂತ ಹೆಸರು, ಅಲ್ಲಿಂದ ಹೊರಟು ಕಂಕುಳಿನ ದುಗ್ಧಗ್ರಂಥಿಗೆ ಹೋಗುತ್ತವೆ. ಆ ತುಣುಕನ್ನು ತಮ್ಮ ಮೈಮೇಲೆ ಹೊತ್ತು ಅಲ್ಲಿರುವ ಟಿ ಕೋಶಗಳೆಂಬ ಬಿಳಿ ರಕ್ತಕಣಗಳಿಗೆ ತೋರಿಸುತ್ತವೆ.

ಮೂರನೇ ದಿನದ ಲಸಿಕೆ ಆದ ಮೇಲೆ ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಎಡ ಕಂಕುಳಲ್ಲಿ ಬೆರಳಿಗೆ ಒಂದು ಗಂಟು ಸಿಕ್ಕಿತು. ಒತ್ತಿದರೆ ಜಾರುತ್ತಿತ್ತು, ಸ್ವಲ್ಪ ನೋವು. ಬಲಗಡೆ ಮುಟ್ಟಿ ನೋಡಿದೆ, ಇಲ್ಲ. ಎದೆ ಧಸಕ್ಕೆಂದಿತು. ಡಾಕ್ಟರು ಮುಟ್ಟಿ ನೋಡಿ, "ಇದು ಬರಬಹುದಾದ್ದೇ. ಒಳಗೆ ಕೆಲಸ ನಡೀತಿದೆ. ಕೆಲವು ವಾರದಲ್ಲಿ ಹೋಗದಿದ್ರೆ ಬನ್ನಿ" ಅಂದರು. ಹೋಯಿತು. ಆದರೆ ಅಷ್ಟು ದಿನವೂ ದಿನಕ್ಕೆ ನಾಲ್ಕು ಸಲ ಅದನ್ನು ಮುಟ್ಟಿ ನೋಡುತ್ತಿದ್ದೆ. ಕಣ್ಣಿಗೆ ಕಾಣದ ಕೆಲಸದಲ್ಲಿ ಕೈಗೆ ಸಿಗುತ್ತಿದ್ದದ್ದು ಅದೊಂದೇ ಅಲ್ವಾ.

ಆ ಗಂಟಿನೊಳಗೆ ಏನಾಗುತ್ತಿತ್ತು ಅನ್ನುವುದೇ ಈ ಇಡೀ ಕಥೆಯಲ್ಲಿ ನನಗೆ ಅತಿ ಸೋಜಿಗದ್ದು. ರೇಬೀಸ್ ವೈರಸ್ ನನ್ನ ಮೈಗೆ ಹಿಂದೆಂದೂ ಬಂದಿರಲಿಲ್ಲ. ಆದರೂ ಅದಕ್ಕೆ ಸರಿಹೊಂದುವ ಬಿ ಕೋಶಗಳು, ಅಂದರೆ ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣಗಳು, ಮೊದಲೇ ಇದ್ದವು. ಮೂಳೆಮಜ್ಜೆಯಲ್ಲಿ ಒಂದೊಂದು ಬಿ ಕೋಶ ಹುಟ್ಟುವಾಗಲೂ ಪ್ರತಿಕಾಯದ ಜೀನ್ ತುಂಡುಗಳು ಮನಬಂದ ಹಾಗೆ ಕಲೆಸಿ ಜೋಡಣೆಯಾಗುತ್ತವೆ. ಹಾಗಾಗಿ ಒಂದರ ಹಾಗೆ ಇನ್ನೊಂದು ಇರುವುದು ಕಡಿಮೆ. ಇದನ್ನು ಕಂಡುಹಿಡಿದ ಸುಸುಮು ಟೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು. ಯಾವ ರೋಗ ಬರುತ್ತದೋ ಗೊತ್ತಿಲ್ಲದೆಯೇ ಮೈ ಕೋಟಿಗಟ್ಟಲೆ ಬಗೆಯ ಕೋಶಗಳನ್ನು ಮಾಡಿಟ್ಟುಕೊಂಡಿರುತ್ತದೆ. ಹೆಚ್ಚಿನವು ಒಮ್ಮೆಯೂ ಕೆಲಸಕ್ಕೆ ಬಾರದೆ ಸಾಯುತ್ತವೆ.

ಲಸಿಕೆಯ ತುಣುಕು ಗ್ರಂಥಿಗೆ ಬಂದಾಗ ಈ ರಾಶಿಯಲ್ಲಿ ಅದಕ್ಕೆ ಅಂಟಿಕೊಳ್ಳುವ ಕೆಲವೇ ಕೆಲವು ಬಿ ಕೋಶಗಳು ಎಚ್ಚರಗೊಳ್ಳುತ್ತವೆ. ಟಿ ಕೋಶಗಳು ಹೌದು ಅಂದರೆ ಅವು ಒಡೆದು ಎರಡಾಗಿ, ನಾಲ್ಕಾಗಿ, ಸಾವಿರವಾಗುತ್ತವೆ. ಗ್ರಂಥಿ ಊದಿಕೊಳ್ಳುವುದು ಅದಕ್ಕೇ. ಬೇಕಾದದ್ದನ್ನು ಆರಿಸಿ ಬೆಳೆಸುವ ಈ ವಿಚಾರವನ್ನು 1957ರಲ್ಲಿ ಮುಂದಿಟ್ಟವರು ಆಸ್ಟ್ರೇಲಿಯಾದ ಮ್ಯಾಕ್‌ಫಾರ್ಲೇನ್ ಬರ್ನೆಟ್. ನಾನು ಕಲಿಯುವುದು ಅಂತ ಬರೆಯುತ್ತಿದ್ದೇನಲ್ಲ, ಅದು ಅಷ್ಟು ಸರಿಯಲ್ಲವೇನೋ. ಒಂದೇ ಕೋಶ ಕೂತು ಏನನ್ನೂ ಕಲಿಯುವುದಿಲ್ಲ. ಹೊಂದುವವು ಹೆಚ್ಚುತ್ತವೆ, ಹೊಂದದವು ಹಾಗೇ ಇರುತ್ತವೆ. ಒಟ್ಟು ಲೆಕ್ಕ ಬದಲಾಗುತ್ತದೆ, ಅದನ್ನೇ ನಾವು ರೋಗನಿರೋಧಕ ಶಕ್ತಿ ಅನ್ನುವುದು.

ಇದಕ್ಕೆಲ್ಲ ಸಮಯ ಬೇಕು. ಲಸಿಕೆಯ ಪ್ರತಿಕಾಯಗಳು ರಕ್ತದಲ್ಲಿ ಕಾಣಿಸಿಕೊಳ್ಳಲು 7ರಿಂದ 10 ದಿನ. ಡಾಕ್ಟರು ಹೊಂದಿಸಿಕೊಟ್ಟ ಟೈಮ್ ಇದೇ. ಆ ಒಂದು ವಾರ ಕಾಲಿನಲ್ಲಿ ಕಾವಲಿದ್ದದ್ದು ಯಾರೋ ಗುರುತಿಲ್ಲದ ದಾನಿಗಳ ಪ್ರತಿಕಾಯಗಳು.

ನಾಯಿ ಸಿಕ್ಕಿದ್ದರೆ ಇಷ್ಟು ಆತಂಕ ಇರುತ್ತಿರಲಿಲ್ಲ. ಕಚ್ಚಿದ ನಾಯಿ 10 ದಿನ ಆರೋಗ್ಯವಾಗಿ ಉಳಿದರೆ, ಕಚ್ಚುವಾಗ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಅಂತ ಅರ್ಥ. ಆಗ ಉಳಿದ ಲಸಿಕೆ ನಿಲ್ಲಿಸಬಹುದು. ನಾನು ಆ ಬೀದಿಯಲ್ಲಿ ಬೇಕಂತಲೇ ಓಡಾಡಿದೆ, ಜೇಬಿನಲ್ಲಿ ಕೈ ಇಟ್ಟುಕೊಂಡು, ಹಿಂದೆ ಮುಂದೆ ನೋಡಿಕೊಂಡು. ಕಾಣಲಿಲ್ಲ. ಹಾಗಾಗಿ ಐದೂ ಹಾಕಿಸಿಕೊಳ್ಳುವುದು ಅಂತ ಆಯಿತು.

ಏಳನೇ ದಿನ ರಟ್ಟೆ ನೋವು ಜಾಸ್ತಿ ಇತ್ತು, ರಾತ್ರಿ ಸಣ್ಣ ಜ್ವರ. ಹದಿನಾಲ್ಕನೇ ದಿನ ಏನೂ ಆಗಲಿಲ್ಲ. ಏನೂ ಆಗದಿದ್ದರೆ ಲಸಿಕೆ ನಾಟಿಲ್ಲ ಅಂದುಕೊಳ್ಳುವವರಿದ್ದಾರೆ. ಜ್ವರಕ್ಕೂ ಪ್ರತಿಕಾಯಕ್ಕೂ ಹಾಗೆ ನೇರ ಲೆಕ್ಕ ಇಲ್ಲ. ಡಾಕ್ಟರು ನನ್ನನ್ನು ಕೇಳಿದ್ದು ಬೇರೆಯೇ. ಸ್ಟೆರಾಯ್ಡ್ ತಗೊಳ್ತೀರಾ, ಬೇರೆ ಯಾವುದಾದರೂ ಕಾಯಿಲೆಗೆ ಮಾತ್ರೆ ಇದೆಯಾ ಅಂತ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ತೆಗೆದುಕೊಳ್ಳುವವರಲ್ಲಿ ಪ್ರತಿಕಾಯ ಸಾಕಷ್ಟು ಏಳದೇ ಇರಬಹುದು. ಅಂಥವರಿಗೆ ರಕ್ತ ಪರೀಕ್ಷೆ ಮಾಡಿ ನೋಡುತ್ತಾರೆ.

ಇಷ್ಟೊಂದು ಸಲ ಯಾಕೆ, ಒಂದೇ ಸಲ ಜಾಸ್ತಿ ಹಾಕಿದರೆ ಆಗದಾ ಅಂತ ಕೇಳಿದ್ದೆ. ಮೊದಲು ಏಳುವ ಪ್ರತಿಕಾಯ ಐಜಿಎಂ ಅನ್ನುವ ಬಗೆಯದು. ದೊಡ್ಡದು, ಆದರೆ ಅದರ ಒಂದೊಂದು ಹಿಡಿತವೂ ಸಡಿಲ. ಗ್ರಂಥಿಯೊಳಗೆ ಬಿ ಕೋಶಗಳು ಒಡೆದು ಹೆಚ್ಚುವಾಗ ಅವುಗಳ ಪ್ರತಿಕಾಯದ ಜೀನ್‌ಗಳಲ್ಲಿ ಸಣ್ಣಪುಟ್ಟ ಬದಲಾವಣೆ ಆಗುತ್ತಲೇ ಇರುತ್ತದೆ. ಹಿಡಿತ ಬಿಗಿಯಾದವಕ್ಕೆ ಲಸಿಕೆಯ ತುಣುಕು ಸಿಗುತ್ತದೆ, ಅವು ಉಳಿಯುತ್ತವೆ. ಸಡಿಲದವು ಸಾಯುತ್ತವೆ. ವಾರಗಟ್ಟಲೆ ನಡೆಯುವ ಈ ಆಯ್ಕೆಯಲ್ಲಿ ಐಜಿಜಿ ಎಂಬ ಗಟ್ಟಿ ಬಗೆ ಮುಂದೆ ಬರುತ್ತದೆ. ಮತ್ತೆ ಮತ್ತೆ ತೋರಿಸಿದಷ್ಟೂ ಆಯ್ಕೆ ಬಿಗಿಯಾಗುತ್ತದೆ. ಒಮ್ಮೆಗೇ ಸುರಿದರೆ ಈ ಅವಧಿ ಸಿಗುವುದಿಲ್ಲ. ಕೊನೆಗೆ ಉಳಿದ ಕೋಶಗಳಲ್ಲಿ ಕೆಲವು ಪ್ಲಾಸ್ಮಾ ಕೋಶಗಳಾಗಿ ಮೂಳೆಮಜ್ಜೆಯಲ್ಲಿ ನೆಲೆಸಿ ಸೆಕೆಂಡಿಗೆ ಸಾವಿರಾರು ಪ್ರತಿಕಾಯ ಬಿಡುತ್ತಾ ಇರುತ್ತವೆ. ಇನ್ನು ಕೆಲವು ಸುಮ್ನೆ ಕಾದು ಕೂರುತ್ತವೆ. ಅವೇ ನೆನಪಿನ ಕೋಶಗಳು.

ಈ ನೆನಪು ಎಷ್ಟು ಕಾಲ ಇರಬಹುದು ಅನ್ನುವುದಕ್ಕೆ ನಾನು ಓದಿದ್ದರಲ್ಲಿ ತುಂಬಾ ಹಿಡಿಸಿದ್ದು ಫಾರೋ ದ್ವೀಪಗಳ ವಿಷಯ. 1846ರಲ್ಲಿ ಅಲ್ಲಿ ದಡಾರ ಬಂತು. 1781ರ ನಂತರ ಅಲ್ಲಿಗೆ ದಡಾರ ಕಾಲಿಟ್ಟಿರಲಿಲ್ಲ. ಊರಿಗೆ ಊರೇ ಮಲಗಿತು. ಆದರೆ 1781ರಲ್ಲಿ ದಡಾರ ಬಂದು ಹೋಗಿದ್ದ ಮುದುಕರಿಗೆ ಬರಲಿಲ್ಲ. ನಡುವೆ 65 ವರ್ಷ. ಪೀಟರ್ ಪಾನುಮ್ ಎಂಬ ತರುಣ ಡಾಕ್ಟರು ಇದನ್ನೆಲ್ಲ ವಿಚಾರಿಸಿ ಬರೆದಿಟ್ಟರು. ಇದೇ ದಡಾರ ಬೇರೆ ರೋಗಗಳ ನೆನಪಿನ ಕೋಶಗಳನ್ನು ಅಳಿಸಿಹಾಕುತ್ತದೆ ಅನ್ನುವುದು ಈಚಿನ ಸಂಗತಿ. ದಡಾರ ಬಂದ ಮಗು ಅದೊಂದನ್ನು ಕಲಿತು, ಮೊದಲು ಕಲಿತಿದ್ದ ಎಷ್ಟನ್ನೋ ಮರೆಯುತ್ತದೆ. ಫ್ಲೂ ವಿಷಯ ಬೇರೆ. ಅಲ್ಲಿ ನಮ್ಮ ಮೈ ಮರೆಯುವುದಕ್ಕಿಂತ, ವೈರಸ್ಸೇ ವರ್ಷವರ್ಷ ರೂಪ ಬದಲಿಸಿಕೊಂಡು ಬರುತ್ತದೆ. ಹಳೆಯ ನೆನಪು ಇದ್ದರೂ ಗುರುತು ಹತ್ತುವುದಿಲ್ಲ.

28ನೇ ದಿನ ಕೊನೆಯದು ಆಯಿತು. ಆಮೇಲೊಂದು ದಿನ ಕುತೂಹಲ ತಡೆಯದೆ ರಕ್ತ ಪರೀಕ್ಷೆ ಮಾಡಿಸಿದೆ. ಡಾಕ್ಟರು ಬೇಡ ಅಂದಿದ್ದರು. ಆರೋಗ್ಯವಂತರಿಗೆ ಅದರ ಅಗತ್ಯ ಇಲ್ಲ, ನಿಜ. ಆದರೆ ಒಂದು ತಿಂಗಳು ಮೈಯೊಳಗೆ ನಡೆದದ್ದನ್ನು ಒಂದು ಅಂಕಿಯಾಗಿ ನೋಡಬೇಕಿತ್ತು. ಆ ಪರೀಕ್ಷೆಯಲ್ಲಿ ನಮ್ಮ ಸೀರಮ್ಮನ್ನು ಹಂತಹಂತವಾಗಿ ತೆಳು ಮಾಡುತ್ತಾ ನಿಜವಾದ ರೇಬೀಸ್ ವೈರಸ್ಸಿನ ಜೊತೆ ಬೆರೆಸುತ್ತಾರೆ, ಅದನ್ನು ಕೋಶಗಳ ಮೇಲೆ ಹಾಕುತ್ತಾರೆ. ಸೋಂಕು ತಗಲಿದ ಕೋಶ ಸೂಕ್ಷ್ಮದರ್ಶಕದಲ್ಲಿ ಹಸಿರಾಗಿ ಹೊಳೆಯುತ್ತದೆ. ಎಷ್ಟು ತೆಳು ಮಾಡಿದರೂ ಹೊಳೆಯದಿದ್ದರೆ ಅಷ್ಟು ಪ್ರತಿಕಾಯ ಇದೆ ಅಂತ. ಮಿ.ಲೀ.ಗೆ 0.5 ಯೂನಿಟ್ ಇದ್ದರೆ ಸಾಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನನ್ನದು ಅದಕ್ಕಿಂತ ಸಾಕಷ್ಟು ಮೇಲಿತ್ತು. ಅಕ್ಕನಿಗೆ ಫೋಟೋ ಕಳಿಸಿದೆ. "ಪಾಸಾದೆ ಅನ್ನು" ಅಂದಳು.

ಕೆಲವು ವರ್ಷ ಕಳೆದ ಮೇಲೆ ಮತ್ತೊಂದು ನಾಯಿ, ಈ ಸಲ ಮುಂಗೈಗೆ. ನಲ್ಲಿ, ಸೋಪು, 15 ನಿಮಿಷ ಎಲ್ಲ ಮತ್ತೆ. ಗಾಯದೊಳಗೆ ಸೂಜಿ ಚುಚ್ಚುವುದನ್ನು ನೆನೆದೇ ಬೆವರುತ್ತಾ ಹೋದೆ. ಹಳೆಯ ಕಾರ್ಡು ನೋಡಿದ ಹೊಸ ಡಾಕ್ಟರು, "ಇಮ್ಯುನೋಗ್ಲೋಬ್ಯುಲಿನ್ ಬೇಡ. ಇವತ್ತೊಂದು, ಮೂರನೇ ದಿನ ಒಂದು. ಮುಗೀತು" ಅಂದರು. ಪೂರ್ತಿ ಲಸಿಕೆ ಹಾಕಿಸಿಕೊಂಡವರಿಗೆ ಸಾಲ ಬೇಕಾಗುವುದಿಲ್ಲ. ಅವರಲ್ಲಿ ನೆನಪಿನ ಕೋಶಗಳು ಲಸಿಕೆಯನ್ನು ಕಂಡ ಕೆಲವೇ ದಿನಗಳಲ್ಲಿ ಮೊದಲ ಸಲಕ್ಕಿಂತ ಎಷ್ಟೋ ಪಟ್ಟು ಪ್ರತಿಕಾಯ ಎಬ್ಬಿಸುತ್ತವೆ, ಅದೂ ಸೀದಾ ಬಿಗಿ ಹಿಡಿತದವನ್ನೇ. ಕಾರ್ಡು ಇರದಿದ್ದರೆ ಮೊದಲಿನಿಂದ ಶುರುಮಾಡಬೇಕಾಗುತ್ತಿತ್ತು, ಗಾಯದ ಸೂಜಿಯೂ ಸೇರಿ. ಮೂರನೇ ದಿನದ್ದನ್ನು ಕೆಲಸಕ್ಕೆ ಹೋಗುವ ದಾರಿಯಲ್ಲೇ ಹಾಕಿಸಿಕೊಂಡೆ. ಸಿಸ್ಟರ್ ಅದೇ ಹಳೆಯ ಕಾರ್ಡಿನ ಹಿಂದುಗಡೆ ಎರಡು ತಾರೀಕು ಬರೆದು, "ಇದನ್ನ ಲ್ಯಾಮಿನೇಟ್ ಮಾಡಿಸಿಬಿಡಿ, ನಿಮ್ಮ ಕೆಲಸ ನೋಡಿದ್ರೆ ಇನ್ನೂ ಬೇಕಾಗೋ ಹಾಗಿದೆ" ಅಂದರು.